ತುಘಲಕ್ ನಮ್ಮ ಓಪಿಡಿಗೆ ಬಂದಿದ್ದರೆ

ಯಾವುದಾದರೂ ಸರ್ಕಾರ ರಾತ್ರೋರಾತ್ರಿ ತಲೆಬುಡವಿಲ್ಲದ ಆದೇಶ ಹೊರಡಿಸಿದರೆ ನಾವೆಲ್ಲ 'ತುಘಲಕ್ ದರ್ಬಾರು' ಅನ್ನುತ್ತೇವೆ. ಆ ಸುಲ್ತಾನ ಸತ್ತಿದ್ದು 1351ರಲ್ಲಿ. ಹುಚ್ಚ ಅನ್ನುವ ಹಣೆಪಟ್ಟಿ ಮಾತ್ರ ಇನ್ನೂ ಕಳಚಿಲ್ಲ. ಮನೋವೈದ್ಯನಾದ ನನಗೆ ಗಿರೀಶ ಕಾರ್ನಾಡರ 'ತುಘಲಕ್' ನಾಟಕದ ಮೇಲೆ ವಿಶೇಷ ಆಸಕ್ತಿ ಇರುವುದೂ ಇದೇ ಕಾರಣಕ್ಕೆ. ಒಬ್ಬ ಮನುಷ್ಯನಿಗೆ ಹುಚ್ಚ ಅನ್ನುವ ಹೆಸರು ಹೇಗೆ ಅಂಟಿಕೊಳ್ಳುತ್ತದೆ, ಅಂಟಿಸುವವರು ಯಾರು ಅನ್ನುವುದು ಅಲ್ಲಿ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ.

ನಾಟಕ ಶುರುವಾಗುವುದು 1327ರ ದೆಹಲಿಯಲ್ಲಿ. ತನ್ನ ಭೂಮಿ ಕಿತ್ತುಕೊಂಡರು ಅಂತ ಒಬ್ಬ ಬ್ರಾಹ್ಮಣ ಸುಲ್ತಾನನ ಮೇಲೇ ದಾವೆ ಹಾಕುತ್ತಾನೆ. ನ್ಯಾಯಾಧೀಶ ಬ್ರಾಹ್ಮಣನ ಪರವಾಗಿ ತೀರ್ಪು ಕೊಡುತ್ತಾನೆ, ಸುಲ್ತಾನ ತಲೆಬಾಗುತ್ತಾನೆ. ಹೊರಗೆ ನಿಂತ ಜನಕ್ಕೆ ಖುಷಿಗಿಂತ ಗಲಿಬಿಲಿಯೇ ಜಾಸ್ತಿ. ರಾಜ ಆದವನು ತಾನೇ ತಪ್ಪು ಮಾಡಿದೆ ಅಂತ ಒಪ್ಪಿಕೊಳ್ಳುವುದಾ? ಆಮೇಲೆ ರಾಜಧಾನಿ ದೌಲತಾಬಾದಿಗೆ ಹೋಗುತ್ತದೆ, ತಾಮ್ರದ ನಾಣ್ಯ ಬರುತ್ತದೆ, ಕೊಲೆಗಳಾಗುತ್ತವೆ. ಎಲ್ಲದಕ್ಕೂ ಜನ ಕೊಡುವ ವಿವರಣೆ ಒಂದೇ: ಇವನಿಗೆ ಹುಚ್ಚು. ನ್ಯಾಯಕ್ಕೆ ತಲೆಬಾಗಿದ್ದೂ ಅದೇ ಚೀಲಕ್ಕೆ, ಜನರನ್ನು ಕೊಂದಿದ್ದೂ ಅದೇ ಚೀಲಕ್ಕೆ.

ಇದು ನಮ್ಮ ಓಪಿಡಿಯಲ್ಲಿ ದಿನಾ ನಡೆಯುವ ಕಥೆ. "ಡಾಕ್ಟ್ರೇ, ಇವಳಿಗೆ ತಲೆ ಸರಿ ಇಲ್ಲ" ಅಂತ ಅಣ್ಣ ತಂಗಿಯನ್ನು ಕರೆತರುತ್ತಾನೆ. ಏನಾಗಿದೆ ಅಂದರೆ, ಒಳ್ಳೆ ಸಂಬಂಧ ಬೇಡ ಅಂದಳು, ಆಸ್ತಿಯಲ್ಲಿ ಪಾಲು ಕೇಳಿದಳು, ದೊಡ್ಡವರಿಗೆ ಎದುರು ಮಾತಾಡಿದಳು. ನಿದ್ದೆ ಸರಿಯಾಗಿದೆ, ಊಟ ಸರಿಯಾಗಿದೆ, ಕೆಲಸಕ್ಕೆ ಹೋಗಿ ಬರುತ್ತಾಳೆ, ನನ್ನ ಜೊತೆ ಕೂತು ಸ್ಪಷ್ಟವಾಗಿ ಮಾತಾಡುತ್ತಾಳೆ. ಅವಳಿಗೆ ಕಾಯಿಲೆ ಇಲ್ಲ, ಸಿಟ್ಟು ಇದೆ ಅಷ್ಟೇ. ಅದೇ ಮನೆಯಲ್ಲಿ ತಮ್ಮನೊಬ್ಬ ತಿಂಗಳುಗಟ್ಟಲೆ ಕೋಣೆ ಬಿಟ್ಟು ಬಂದಿರುವುದಿಲ್ಲ, ಸ್ನಾನ ಬಿಟ್ಟಿರುತ್ತಾನೆ, ಗೋಡೆಯ ಆಚೆಯಿಂದ ಯಾರೋ ಬೈಯುತ್ತಿದ್ದಾರೆ ಅಂತ ಕಿವಿ ಮುಚ್ಚಿಕೊಂಡು ಕೂತಿರುತ್ತಾನೆ. ಅವನ ಬಗ್ಗೆ ಕೇಳಿದರೆ "ಪಾಪ, ಅವನು ಸುಮ್ನೆ ಇರ್ತಾನೆ, ಯಾರಿಗೂ ತೊಂದರೆ ಕೊಡಲ್ಲ" ಅನ್ನುತ್ತಾರೆ. ಚಿಕಿತ್ಸೆ ಬೇಕಾಗಿದ್ದು ಅವನಿಗೆ. ಸಮಾಜ ಹುಚ್ಚನ್ನು ಅಳೆಯುವುದು ತನಗೆ ಎಷ್ಟು ತೊಂದರೆ ಆಯಿತು ಅನ್ನುವುದರ ಮೇಲೆ. ನಾವು ನೋಡಬೇಕಾದದ್ದು ಆ ಮನುಷ್ಯನಿಗೆ ಎಷ್ಟು ಕಷ್ಟ ಆಗುತ್ತಿದೆ, ಮೊದಲಿನ ಅವನಿಗೂ ಈಗಿನ ಅವನಿಗೂ ಏನು ವ್ಯತ್ಯಾಸ, ಇರುವುದು ಯಾವುದು ಇಲ್ಲದ್ದು ಯಾವುದು ಅನ್ನುವುದು ಅವನಿಗೆ ತಿಳಿಯುತ್ತಿದೆಯಾ ಅನ್ನುವುದನ್ನು.

ನಮ್ಮ ವೃತ್ತಿಯವರೇನೂ ಸಾಚಾ ಅಲ್ಲ. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ಒಡೆಯರಿಂದ ಓಡಿಹೋಗುವುದು ಒಂದು ಮಾನಸಿಕ ಕಾಯಿಲೆ ಅಂತ ಬರೆದು ಅದಕ್ಕೊಂದು ಭಾರಿ ಹೆಸರನ್ನೂ ಇಟ್ಟಿದ್ದ! ಸಲಿಂಗ ಪ್ರೇಮ 1973ರವರೆಗೆ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿತ್ತು, ವಿಶ್ವ ಆರೋಗ್ಯ ಸಂಸ್ಥೆ ಕೈಬಿಟ್ಟಿದ್ದು 1990ರಲ್ಲಿ. ಇಂಥದ್ದನ್ನೆಲ್ಲ ನೋಡಿಯೇ ಇರಬೇಕು, ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಖಡಾಖಂಡಿತವಾಗಿ ಹೇಳುತ್ತದೆ: ಒಬ್ಬರ ಜಾತಿ, ಧರ್ಮ, ರಾಜಕೀಯ ನೋಡಿ ಮಾನಸಿಕ ಕಾಯಿಲೆ ಅನ್ನುವಂತಿಲ್ಲ. ಊರವರ ನೀತಿ, ನಂಬಿಕೆಗೆ ಹೊಂದಿಕೊಳ್ಳುತ್ತಿಲ್ಲ ಅನ್ನುವುದೂ ಕಾರಣ ಆಗುವಂತಿಲ್ಲ. ಹಿಂದೆ ಯಾವಾಗಲೋ ಆಸ್ಪತ್ರೆಯಲ್ಲಿದ್ದ ಅನ್ನುವುದೊಂದೇ ಸಾಲದು. ಸಂಬಂಧ ಬೇಡ ಅಂದವಳ ಅಣ್ಣನಿಗೆ ಈ ಸೆಕ್ಷನ್ ಓದಿ ಹೇಳಬೇಕು ಅನಿಸುತ್ತದೆ, ಕೆಲವು ಸಲ ಹೇಳಿಯೂ ಇದ್ದೇನೆ.

ಸರಿ, ಹಾಗಾದರೆ ತುಘಲಕ್? ನೇರವಾಗಿ ಕೂತು ಪರೀಕ್ಷೆ ಮಾಡದವರಿಗೆ ರೋಗದ ಹೆಸರು ಕೊಡಬಾರದು ಅನ್ನುವುದು ನಮ್ಮ ಕಸುಬಿನ ನಿಯಮ. ಆದರೆ ನಾಟಕದ ಪಾತ್ರ ಅಲ್ವಾ, ಸ್ವಲ್ಪ ಸಲಿಗೆ ತೆಗೆದುಕೊಳ್ಳುತ್ತೇನೆ. ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕೊಡುವ ಯೋಚನೆ ಹುಚ್ಚಿನದಲ್ಲ. ಚೀನಾದಲ್ಲಿ ಆಗಲೇ ಕಾಗದದ ಹಣ ಓಡಾಡುತ್ತಿತ್ತು, ಇವತ್ತು ನಮ್ಮ ಜೇಬಿನಲ್ಲಿರುವುದೂ ಅದೇ. ಖೋಟಾ ನಾಣ್ಯ ತಡೆಯುವ ವ್ಯವಸ್ಥೆ ಇರಲಿಲ್ಲ, ಯೋಜನೆ ಮಣ್ಣುಪಾಲಾಯಿತು. ಅದು ಕೆಟ್ಟ ಆಡಳಿತ.

ಕೊಲೆಯ ವಿಷಯ ಬೇರೆ. ಪ್ರಾರ್ಥನೆಯ ಹೊತ್ತಿನಲ್ಲಿ ತನ್ನನ್ನು ಕೊಲ್ಲಲು ಸಂಚು ಮಾಡಿದ ಶಿಹಾಬುದ್ದೀನನನ್ನು ಸುಲ್ತಾನ ತನ್ನ ಕೈಯಾರೆ ಇರಿಯುತ್ತಾನೆ. ಒಂದಲ್ಲ, ಎರಡಲ್ಲ, ಮತ್ತೆ ಮತ್ತೆ. ನೋಡುವವರಿಗೆ ಇದು ಹುಚ್ಚೇ ಅನಿಸಬೇಕು, ಹಾಗಿದೆ ಆ ದೃಶ್ಯ. ಆದರೆ ಅದರ ಮುಂದಿನ ಕ್ಷಣ ಗಮನಿಸಿ. ಶಿಹಾಬುದ್ದೀನ್ ಸುಲ್ತಾನನ ಪ್ರಾಣ ಉಳಿಸಲು ಹೋಗಿ ಸತ್ತ ಅಂತ ಸಾರಿಸಲು ಹೇಳುತ್ತಾನೆ, ದೊಡ್ಡ ಮರ್ಯಾದೆಯಿಂದ ಮಣ್ಣು ಮಾಡಿ ಅನ್ನುತ್ತಾನೆ. ಇವತ್ತಿನ ನ್ಯಾಯಾಲಯದಲ್ಲಿ ಬುದ್ಧಿಸ್ಥಿಮಿತ ಇರಲಿಲ್ಲ ಅಂತ ಬಿಡುಗಡೆ ಪಡೆಯಬೇಕಾದರೆ, ಕಾಯಿಲೆಯಿಂದಾಗಿ ತಾನು ಏನು ಮಾಡುತ್ತಿದ್ದೇನೆ ಅಥವಾ ಅದು ತಪ್ಪು ಅನ್ನುವುದೇ ಆಗ ತಿಳಿಯುತ್ತಿರಲಿಲ್ಲ ಅಂತ ತೋರಿಸಬೇಕು. ರಕ್ತ ಒಣಗುವ ಮೊದಲೇ ಕಥೆ ಕಟ್ಟುವವನಿಗೆ ಅದು ತಿಳಿದಿರಲಿಲ್ಲ ಅಂತ ನಾನಂತೂ ಸಾಕ್ಷಿ ಹೇಳಲಾರೆ. ಹುಚ್ಚ ಅಂದುಬಿಟ್ಟರೆ ಅವನಿಗೂ ಅನುಕೂಲ, ಅವನ ಆಜ್ಞೆ ನಡೆಸಿಕೊಟ್ಟ ಅಮೀರರಿಗೂ ಅನುಕೂಲ. ಯಾರೂ ಜವಾಬು ಕೊಡಬೇಕಿಲ್ಲ. ನಷ್ಟ ಆಗುವುದು ನಿಜವಾಗಿ ಕಾಯಿಲೆ ಇರುವವರಿಗೆ. ಹಿಂಸೆ ಅಂದರೆ ಹುಚ್ಚು, ಹುಚ್ಚು ಅಂದರೆ ಹಿಂಸೆ ಅಂತ ಜನ ನಂಬಿ ಕೂರುತ್ತಾರೆ, ಕಾಯಿಲೆಯವರಿಗೆ ಬಾಡಿಗೆ ಮನೆಯೂ ಸಿಗುವುದಿಲ್ಲ.

ಹಾಗಂತ ಅವನಿಗೆ ಏನೂ ಇರಲಿಲ್ಲ ಅನ್ನುತ್ತಿಲ್ಲ. ವರ್ಷಗಟ್ಟಲೆ ನಿದ್ದೆ ಇಲ್ಲ. ದೌಲತಾಬಾದಿನ ಕೋಟೆಯಲ್ಲಿ ಒಂದು ರಾತ್ರಿ ಚರಿತ್ರಕಾರ ಬರನಿಯ ಮುಂದೆ, ಪ್ರಜೆಗಳು ನನ್ನನ್ನು ಹುಚ್ಚು ಮಹಮ್ಮದ ಅನ್ನುತ್ತಾರೆ, ನಾನು ಮತ್ತೆ ವಿವೇಕಿ ಆಗುವುದು ಹೇಗೆ ಅಂತ ಅಂಗಲಾಚುತ್ತಾನೆ. ಒಬ್ಬ ರೋಗಿ ಇಷ್ಟು ಕೇಳಿದರೆ ನಮಗೆ ಅರ್ಧ ಕೆಲಸ ಆದ ಹಾಗೆ. ಬರನಿ ಒಳ್ಳೆಯ ಸಲಹೆಯನ್ನೇ ಕೊಡುತ್ತಾನೆ, ಈ ರಕ್ತಪಾತ ನಿಲ್ಲಿಸಿ ಅಂತ. ಆದರೆ ಹಾಗೆ ಮಾಡಬೇಕಾದರೆ ಇಷ್ಟು ವರ್ಷ ಮಾಡಿದ್ದೆಲ್ಲ ತಪ್ಪು ಅಂತ ಒಪ್ಪಬೇಕಲ್ಲ! ಅದೊಂದು ಆಗುವುದಿಲ್ಲ. ಬಾಗಿಲವರೆಗೂ ಬಂದು ತಿರುಗಿ ಹೋಗುವ ಇಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಹಂಕಾರಕ್ಕೆ ನಮ್ಮಲ್ಲಿ ಮಾತ್ರೆ ಇಲ್ಲ.

ಇನ್ನು ಅಜೀಜ್. ಮೊದಲ ದೃಶ್ಯದ ಆ ಬ್ರಾಹ್ಮಣ ಇದ್ದಾನಲ್ಲ, ಅವನು ಬ್ರಾಹ್ಮಣನೇ ಅಲ್ಲ, ವೇಷ ಹಾಕಿದ ಅಗಸ ಅಜೀಜ್. ಖೋಟಾ ನಾಣ್ಯ ಮಾಡುತ್ತಾನೆ. ಸಾಯುತ್ತಿರುವ ಮಗುವನ್ನು ವೈದ್ಯರ ಹತ್ತಿರ ಒಯ್ಯುತ್ತೇನೆ ಅಂದ ತಾಯಿಯನ್ನು ಲಂಚವಿಲ್ಲದೆ ಬಿಡುವುದಿಲ್ಲ. ಬಾಗ್ದಾದಿನ ಖಲೀಫರ ವಂಶದವನನ್ನು ಕೊಂದು ಅವನ ವೇಷದಲ್ಲೇ ಅರಮನೆಗೆ ಬರುತ್ತಾನೆ. ನಾಟಕದಲ್ಲಾಗಲಿ, ಪ್ರೇಕ್ಷಕರಲ್ಲಾಗಲಿ ಅವನನ್ನು ಹುಚ್ಚ ಅಂದವರನ್ನು ನಾನು ಕಂಡಿಲ್ಲ. ನಗುತ್ತಾರೆ, ಚಾಲಾಕಿ ಅನ್ನುತ್ತಾರೆ. ಅವನ ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ: ದುಡ್ಡು ಮಾಡಬೇಕು, ಬದುಕಬೇಕು. ಕನಸು ಇಟ್ಟುಕೊಂಡು ಕೊಂದವನು ಹುಚ್ಚ, ಲಾಭಕ್ಕೆ ಕೊಂದವನು ಜಾಣ. ಕೊನೆಗೆ ಸಿಕ್ಕಿಬಿದ್ದಾಗಲೂ ಅಜೀಜನಿಗೆ ಸಿಗುವುದು ನೇಣಲ್ಲ, ದಕ್ಷಿಣದಲ್ಲೊಂದು ಹುದ್ದೆ. ಬರನಿಗೆ ತಡೆಯಲಾಗುವುದಿಲ್ಲ, ಇವನಿಗೆ ಶಿಕ್ಷೆ ಬೇಡವೇ ಅಂತ ಹೌಹಾರುತ್ತಾನೆ. ನನಗೀಗ ನಾನು ಮತ್ತು ನನ್ನ ಹುಚ್ಚು ಸಾಕು, ಆ ಹುಚ್ಚಿನಲ್ಲಿ ದೇವರೂ ಪಾಲುದಾರ, ನನ್ನ ಮೇಲೆ ತೀರ್ಪು ಬರೆಯುವಾಗ ಅವನನ್ನೂ ಮರೆಯಬೇಡ ಅನ್ನುವ ಅರ್ಥದಲ್ಲಿ ಸುಲ್ತಾನ ಉತ್ತರ ಕೊಡುತ್ತಾನೆ. ಜನ ಇಟ್ಟ ಹೆಸರನ್ನು ಅಲ್ಲಿ ಅವನೇ ತೊಟ್ಟುಕೊಳ್ಳುತ್ತಾನೆ, ಜವಾಬ್ದಾರಿಯಲ್ಲಿ ಅರ್ಧ ದೇವರ ಮೇಲೆ ಹೊರಿಸುತ್ತಾನೆ. ಇಷ್ಟು ಲೆಕ್ಕಾಚಾರ ಬಲ್ಲವನ ಕೇಸ್ ಶೀಟಿನಲ್ಲಿ 'ನಿದ್ರಾಹೀನತೆ' ಅಂತ ಬರೆದೇನು, ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ.