ಕಬ್ಬಿಣಕ್ಕೂ ಸ್ಟ್ರೆಸ್, ಮನುಷ್ಯರಿಗೂ ಸ್ಟ್ರೆಸ್. ಎರಡೂ ಒಂದೇನಾ?

ಪ್ರಶ್ನೆ: ಇಂಜಿನಿಯರಿಂಗ್ ಪುಸ್ತಕದಲ್ಲಿ ಕಬ್ಬಿಣಕ್ಕೆ ಸ್ಟ್ರೆಸ್ ಅಂತಿದೆ. ಡಾಕ್ಟರು ನನಗೂ ಸ್ಟ್ರೆಸ್ ಅನ್ನುತ್ತಾರೆ. ಇದು ಒಂದೇ ಪದವಾ?
(ಓದುಗರು, ತೀರ್ಥಹಳ್ಳಿ)

ಒಂದೇ ಪದ. ಆದರೆ ಅದು ಮೊದಲು ಅಂಟಿಕೊಂಡಿದ್ದು ಮನುಷ್ಯರಿಗೆ, ಕಬ್ಬಿಣಕ್ಕೆ ಆಮೇಲೆ.

ಲ್ಯಾಟಿನ್‌ನಲ್ಲಿ ಸ್ಟ್ರಿಂಗೆರೆ ಅಂದರೆ ಬಿಗಿಯಾಗಿ ಎಳೆಯುವುದು. ಅದು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗ ಕಷ್ಟ, ಇಕ್ಕಟ್ಟು ಎಂಬ ಅರ್ಥ ಪಡೆಯಿತು. ಸ್ಟ್ರಿಕ್ಟ್, ಸ್ಟ್ರೇನ್, ಡಿಸ್ಟ್ರೆಸ್ ಎಲ್ಲ ಅದೇ ಬೇರಿನವು. ಮಾತಿನಲ್ಲಿ ಒತ್ತು ಕೊಡುವುದಕ್ಕೂ ಇಂಗ್ಲಿಷಿನವರು ಸ್ಟ್ರೆಸ್ ಅನ್ನುತ್ತಾರೆ.

1850ರ ದಶಕದಲ್ಲಿ ಸ್ಕಾಟ್ಲೆಂಡಿನ ಇಂಜಿನಿಯರ್ ರಾಂಕಿನ್ ಇದಕ್ಕೆ ಲೆಕ್ಕದ ಅರ್ಥ ಕೊಟ್ಟ. ನಮ್ಮ ಅಡಿಕೆ ತೋಟದಲ್ಲೇ ನೋಡಿ. ಕೊನೆಗಾರ ಮರದ ಮೇಲಿಂದ ಅಡಿಕೆ ಕೊನೆಯನ್ನು, ಅಂದರೆ ಗೊಂಚಲನ್ನು, ಹಗ್ಗದ ಮೇಲೆ ಜಾರಿಸುತ್ತಾನೆ. ಕೆಳಗೊಬ್ಬ ಹಗ್ಗವನ್ನು ಬಿಗಿಯಾಗಿ ಹಿಡಿದಿರುತ್ತಾನೆ. ಆ ಎಳೆತವನ್ನು ಹಗ್ಗದ ಕತ್ತರಿಸಿದ ಮುಖದ ವಿಸ್ತೀರ್ಣದಿಂದ ಭಾಗಿಸಿದರೆ ಸಿಗುವುದೇ ಸ್ಟ್ರೆಸ್. ಎಳೆತ ಅಷ್ಟೇ ಇದ್ದು ಹಗ್ಗದ ದಪ್ಪ ಎರಡರಷ್ಟಾದರೆ, ಸ್ಟ್ರೆಸ್ ಕಾಲು ಭಾಗಕ್ಕೆ ಇಳಿಯುತ್ತದೆ! ಎಳೆತಕ್ಕೆ ಹಗ್ಗ ತನ್ನ ಉದ್ದದಲ್ಲಿ ಎಷ್ಟು ಪಾಲು ಹಿಗ್ಗಿತು ಅನ್ನುವುದು ಸ್ಟ್ರೇನ್. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತದೆ.

ಡಾಕ್ಟರ ಸ್ಟ್ರೆಸ್ ಹುಟ್ಟಿದ್ದು ಇಲಿಗಳಿಂದ. ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳನ್ನು ಚಳಿಗೆ ಒಡ್ಡಿದ, ಗಾಯ ಮಾಡಿದ, ವಿಷದ ಮದ್ದು ಚುಚ್ಚಿದ. ಕಾಟ ಯಾವುದೇ ಇರಲಿ, ದೇಹದೊಳಗೆ ಆಗುತ್ತಿದ್ದುದು ಒಂದೇ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತಿತ್ತು, ಎದೆಯಲ್ಲಿರುವ ಥೈಮಸ್ ಗ್ರಂಥಿ ಕುಗ್ಗುತ್ತಿತ್ತು, ಹೊಟ್ಟೆಯಲ್ಲಿ ಹುಣ್ಣಾಗುತ್ತಿತ್ತು. 1936ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಇದನ್ನು ಬರೆದ. ಮುಂದೆ ಇದಕ್ಕೇ ಸ್ಟ್ರೆಸ್ ಎಂದು ಹೆಸರಿಟ್ಟ.

ಇಲ್ಲೊಂದು ತೊಡಕಿದೆ. ಒಳಗೆ ಆಗುವ ಬದಲಾವಣೆಗೆ ಇಂಜಿನಿಯರುಗಳು ಹೇಳುವುದು ಸ್ಟ್ರೇನ್ ಅಂತ ಅಲ್ವಾ? ತನಗೆ ಇಂಗ್ಲಿಷ್ ಇನ್ನೂ ಚೆನ್ನಾಗಿ ಬರುತ್ತಿದ್ದರೆ ಸ್ಟ್ರೇನ್ ಅಂತಲೇ ಕರೆಯುತ್ತಿದ್ದೆ ಎಂದು ಸೆಲ್ಯೆಯೇ ಆಮೇಲೆ ಹೇಳಿಕೊಂಡ. ಅಷ್ಟರಲ್ಲಿ ಪದ ಊರೆಲ್ಲ ಹಬ್ಬಿತ್ತು.

ನನ್ನ ಪ್ರಕಾರ ಎರಡನ್ನೂ ಬೇರೆ ಮಾಡಿ ನೋಡುವುದು ಇವತ್ತಿಗೂ ಒಳ್ಳೆಯದು. ಮಳೆ ಜಾಸ್ತಿಯಾಗಿ ಕೊಳೆರೋಗಕ್ಕೆ ಅಡಿಕೆ ಉದುರುವುದು ಹೊರಗಿನ ಹೊರೆ. ಅದನ್ನೇ ನೆನೆದು ರಾತ್ರಿಯಿಡೀ ನಿದ್ದೆ ಬಾರದಿರುವುದು ಸ್ಟ್ರೇನ್. ಮೊದಲನೆಯದಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಎರಡನೆಯದು ವಾರಗಟ್ಟಲೆ ಎಳೆದರೆ ಸುಮ್ನೆ ಸಹಿಸಿಕೊಳ್ಳಬೇಡಿ, ಡಾಕ್ಟರಿಗೆ ಹೇಳಿ.