ಸಿಟ್ಟು ಬಂತೋ, ಮಾಡಿಕೊಂಡೆನೋ?

ಹದಿನೇಳನೆಯ ಶತಮಾನದ ಯುರೋಪಿನ ತತ್ತ್ವಶಾಸ್ತ್ರವನ್ನು ಪಾಠ ಮಾಡುವಾಗ ನಾನು ಮೊದಲು ಬೋರ್ಡಿನ ಮೇಲೆ ಎರಡು ಕನ್ನಡ ವಾಕ್ಯ ಬರೆಯುತ್ತೇನೆ: ‘ನನಗೆ ಸಿಟ್ಟು ಬಂತು’, ‘ನಾನು ಸಿಟ್ಟು ಮಾಡಿಕೊಂಡೆ’. ಮೊದಲನೆಯದರಲ್ಲಿ ಸಿಟ್ಟು ತಾನಾಗಿ ಬಂದು ಎರಗಿದೆ. ಎರಡನೆಯದರಲ್ಲಿ ನನ್ನ ಪಾಲೂ ಇದೆ. ಭಾವಕ್ಕೆ ಆ ಕಾಲದವರು ಬಳಸುತ್ತಿದ್ದ ‘ಪ್ಯಾಶನ್’ ಎಂಬ ಪದದ ಲ್ಯಾಟಿನ್ ಬೇರಿಗೆ ಅನುಭವಿಸುವುದು, ಒಳಗಾಗುವುದು ಎಂಬ ಅರ್ಥ. ಅದು ಮೊದಲನೆಯ ವಾಕ್ಯದ ಲೋಕ. ಅಲ್ಲಿಂದ ಎರಡನೆಯದಕ್ಕೆ ದಾರಿ ಇದೆಯೇ ಎಂಬ ಪ್ರಶ್ನೆಯನ್ನು ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್‌ನನ್ನು ಬಿಡದಂತೆ ಹಿಡಿದು ಕೇಳಿದವಳು ಬೊಹೀಮಿಯಾದ (ಇಂದಿನ ಜೆಕ್ ದೇಶದ ಭಾಗ) ರಾಜಕುಮಾರಿ ಎಲಿಜಬೆತ್.

ತಂದೆ ಸಿಂಹಾಸನ ಕಳೆದುಕೊಂಡ ಮೇಲೆ ಆಕೆಯ ಕುಟುಂಬ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಆಶ್ರಯ ಪಡೆದಿತ್ತು. 1643ರಲ್ಲಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಆಕೆ ದೆಕಾರ್ತ್‌ನಿಗೆ ಬರೆದ ಮೊದಲ ಕಾಗದವೇ ಆತ್ಮ ಬೇರೆ, ದೇಹ ಬೇರೆ ಎಂಬ ಅವನ ಸಿದ್ಧಾಂತದ ಮರ್ಮಕ್ಕೆ ಕೈಹಾಕಿತು: ಆತ್ಮ ಬರೀ ಚಿಂತಿಸುವ ವಸ್ತುವಾದರೆ ದೇಹವನ್ನು ಅಲುಗಿಸುವುದಾದರೂ ಹೇಗೆ?

ಎರಡು ವರ್ಷದ ನಂತರ ಈ ಪ್ರಶ್ನೆ ಆಕೆಯ ಮೈಮೇಲೆಯೇ ಬಂತು. ಬಿಡದ ಸಣ್ಣ ಜ್ವರ, ಒಣ ಕೆಮ್ಮು. ಇಂಥ ಜ್ವರಕ್ಕೆ ಸಾಮಾನ್ಯವಾಗಿ ದುಃಖವೇ ಕಾರಣ ಎಂದ ದೆಕಾರ್ತ್, ಮುಂದೆ ಇಬ್ಬರೂ ಪ್ರಾಚೀನ ರೋಮಿನ ತತ್ತ್ವಜ್ಞಾನಿ ಸೆನೆಕನನ್ನು ಓದಿ ಚರ್ಚಿಸೋಣ ಎಂದ. ಆಕೆ ಓದಿದಳು, ಒಪ್ಪಲಿಲ್ಲ. ವಿವೇಕದಿಂದ ಸುಖ ಸಾಧಿಸಬಹುದು ಎನ್ನುತ್ತೀರಿ, ವಿವೇಚಿಸುವ ಶಕ್ತಿಯನ್ನೇ ಕಸಿದುಕೊಳ್ಳುವ ಕಾಯಿಲೆಗಳಿವೆಯಲ್ಲ ಎಂದು ಕೇಳಿದಳು. ಹಾಸಿಗೆ ಹಿಡಿದವರ ಬಳಿ ಕುಳಿತು ‘ಧೈರ್ಯ ತಂದುಕೊಳ್ಳಿ’ ಎಂದು ಸಲೀಸಾಗಿ ಹೇಳುವ ನಮಗೂ ಈ ಮಾತು ತಾಗಬೇಕು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಕೆ ಭಾವಗಳ ಲಕ್ಷಣ ಹೇಳಿಕೊಡಿ ಎಂದು ಕೇಳಿದಳು. 212 ಪರಿಚ್ಛೇದಗಳ ಗ್ರಂಥವಾಗಿ 1649ರಲ್ಲಿ ಅಚ್ಚಾದದ್ದು ಆ ಕೋರಿಕೆಯಿಂದ ಮೊಳೆತ ದೆಕಾರ್ತ್‌ನ ಬರಹ.

ಅದರಲ್ಲಿ ಮೂಲಭಾವಗಳು ಆರು: ಅಚ್ಚರಿ, ಪ್ರೀತಿ, ದ್ವೇಷ, ಆಸೆ, ಸಂತೋಷ, ದುಃಖ. ಮಿದುಳಿನೊಳಗಿನ ಪುಟ್ಟ ಪೀನಿಯಲ್ ಗ್ರಂಥಿಯೇ ಆತ್ಮದ ಮುಖ್ಯ ನೆಲೆ ಎಂಬ ಅವನ ವಾದ ಇಂದು ನಿಲ್ಲುವುದಿಲ್ಲ. ಆದರೆ ಅಚ್ಚರಿಯನ್ನು ಮೊದಲಿಗೆ ಇಟ್ಟದ್ದು ನನಗೆ ಬಹಳ ಮೆಚ್ಚುಗೆಯ ಸಂಗತಿ. ಎದುರಿಗೆ ಬಂದದ್ದು ಒಳಿತೋ ಕೆಡುಕೋ ಎಂದು ತಿಳಿಯುವ ಮೊದಲೇ ಅಚ್ಚರಿ ಹುಟ್ಟುತ್ತದೆ, ಅದಕ್ಕೆ ವಿರುದ್ಧ ಭಾವವೇ ಇಲ್ಲ ಎನ್ನುತ್ತಾನೆ. ಭಾವಗಳನ್ನು ಕಿತ್ತೆಸೆಯಬೇಕೆಂದೂ ಅವನು ಹೇಳುವುದಿಲ್ಲ. ಅವೆಲ್ಲ ಸ್ವಭಾವತಃ ಒಳ್ಳೆಯವೇ. ಕಾಯಬೇಕಾದದ್ದು ಅತಿಯಿಂದ, ದುರ್ಬಳಕೆಯಿಂದ.

1646ರಲ್ಲಿ ಕರಡು ಓದಿದ ಎಲಿಜಬೆತ್ ಮತ್ತೆ ತಡೆದಳು. ಒಂದೊಂದು ಭಾವಕ್ಕೂ ರಕ್ತದ ಒಂದೊಂದು ಬಗೆಯ ಚಲನೆ ಎಂದು ಬರೆದಿದ್ದೀರಿ. ಭಾವಗಳು ಒಂಟಿಯಾಗಿ ಬರುವುದೇ ಇಲ್ಲವಲ್ಲ, ಪ್ರೀತಿಯ ಜೊತೆ ಆಸೆಯಿರುತ್ತದೆ, ಸಂತೋಷವೋ ದುಃಖವೋ ಇರುತ್ತದೆ, ಬೇರ್ಪಡಿಸಿ ನೋಡಿದ್ದು ಹೇಗೆ? ಕಷ್ಟವಾಯಿತೆಂದು ದೆಕಾರ್ತ್ ಒಪ್ಪಿಕೊಂಡ. ಆದರೆ ಅವು ಸದಾ ಅದೇ ಜೊತೆಯಲ್ಲಿ ಇರುವುದಿಲ್ಲ. ಜೊತೆ ಬದಲಾದಾಗಲೆಲ್ಲ ದೇಹದಲ್ಲಿ ಏನು ಬದಲಾಯಿತು ಎಂದು ಗಮನಿಸುತ್ತಾ ಹೋದೆ ಎಂದು ಉತ್ತರ ಬರೆದ.