ಪದ ಪರಿಚಯ: ಡೆಲ್ಟಿಕ್

ರೈಲಿನ ಮುಂದೆ ನಿಂತು ಬೋಗಿ ಎಳೆಯುವ ಗಾಡಿಗೂ ನಾವು ಎಂಜಿನ್ ಎನ್ನುತ್ತೇವೆ, ಅದರ ಹೊಟ್ಟೆಯೊಳಗೆ ಡೀಸೆಲ್ ಉರಿಸುವ ಯಂತ್ರಕ್ಕೂ ಎಂಜಿನ್ ಎನ್ನುತ್ತೇವೆ. ಯಾವುದರ ಮಾತು ಎಂಬುದು ಸಂದರ್ಭ ನೋಡಿದರೆ ತಿಳಿಯುತ್ತದೆ. ಬ್ರಿಟನ್ನಿನ ರೈಲುಪ್ರಿಯರ ಬಾಯಲ್ಲಿ ‘ಡೆಲ್ಟಿಕ್’ ಪದಕ್ಕೂ ಹೀಗೇ ಎರಡು ಅರ್ಥ. ಒಳಗಿನ ಯಂತ್ರದ ಹೆಸರಾಗಿ ಹುಟ್ಟಿದ ಪದ ಹೊರಗಿನ ಗಾಡಿಗೆ ಅಂಟಿಕೊಂಡಿತು. ಗೊಂದಲ ಆಗದಿರಲೆಂದು ಇಲ್ಲಿ ಗಾಡಿಗೆ ಲೋಕೊ, ಒಳಗಿನ ಯಂತ್ರಕ್ಕೆ ಎಂಜಿನ್ ಎಂದು ಬರೆಯುತ್ತೇನೆ.

ಪದದ ಬೇರು ಗ್ರೀಕ್ ಲಿಪಿಯ ಡೆಲ್ಟಾ, ತ್ರಿಕೋನಾಕಾರದ ಅಕ್ಷರ. ಕೃಷ್ಣೆ, ಕಾವೇರಿ ಸಮುದ್ರ ಸೇರುವ ಮುನ್ನ ಕವಲೊಡೆದು ಕಟ್ಟುವ ಮುಖಜ ಭೂಮಿಗೆ ಡೆಲ್ಟಾ ಎಂಬ ಹೆಸರು ಬಂದದ್ದೂ ಇದೇ ಅಕ್ಷರದಿಂದ. ಡೆಲ್ಟಿಕ್ ಎಂದರೆ ಡೆಲ್ಟಾದಂತಿರುವುದು. ಎಂಜಿನ್ನನ್ನು ಅಡ್ಡ ಕೊಯ್ದು ಎದುರಿನಿಂದ ನೋಡಿದರೆ ಸಿಲಿಂಡರುಗಳು ತ್ರಿಕೋನದ ಮೂರು ಬಾಹುಗಳಾಗಿ ಕಾಣುತ್ತವೆ. ಅಕ್ಷರ ಮಾತ್ರ ತಲೆಕೆಳಗು: ಚೂಪು ತುದಿ ಕೆಳಗಿದೆ.

ತ್ರಿಕೋನವೇ ಯಾಕೆ? ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ವೇಗದ ದೋಣಿಗಳು ಪೆಟ್ರೋಲಿನಲ್ಲಿ ಓಡುತ್ತಿದ್ದವು. ಗುಂಡು ತಗುಲಿದರೆ ದೋಣಿಯೇ ಹೊತ್ತಿ ಉರಿಯುವ ಭಯ. ಡೀಸೆಲ್ ಬೇಕಿತ್ತು, ಆದರೆ ಅಂದಿನ ಡೀಸೆಲ್ ಎಂಜಿನ್ನುಗಳು ಸಣ್ಣ ದೋಣಿಗೆ ಹೊರಲಾರದ ಭಾರ. ಇಂಗ್ಲಿಷ್ ಎಲೆಕ್ಟ್ರಿಕ್ ಬಳಗದ ನೇಪಿಯರ್ ಕಂಪನಿ ಇದಕ್ಕೆ ಕೈಹಾಕಿತು.

ಸಾಮಾನ್ಯ ಸಿಲಿಂಡರಿನಲ್ಲಿ ಒಂದು ಪಿಸ್ಟನ್, ಮೇಲೆ ಹೆಡ್, ಹೆಡ್ಡಿನಲ್ಲಿ ವಾಲ್ವು ಇರುತ್ತವೆ. ಡೆಲ್ಟಿಕ್‌ನಲ್ಲಿ ಹೆಡ್ಡೂ ಇಲ್ಲ, ವಾಲ್ವೂ ಇಲ್ಲ. ಎರಡೂ ಬದಿ ತೆರೆದ ಒಂದೇ ಕೊಳವೆಯಲ್ಲಿ ಎರಡು ಪಿಸ್ಟನ್‌ಗಳು ಎದುರುಬದುರಾಗಿ ನುಗ್ಗಿ ಗಾಳಿಯನ್ನು ಒತ್ತುತ್ತವೆ. ನಡುವಿನ ಸಂದಿಗೆ ಡೀಸೆಲ್ ಚಿಮ್ಮಿ ಉರಿದಾಗ ಎರಡೂ ಹಿಂದಕ್ಕೆ ಸಿಡಿಯುತ್ತವೆ. ಗಾಳಿ ಒಳಬರುವುದೂ ಹೊಗೆ ಹೊರಹೋಗುವುದೂ ಕೊಳವೆಯ ಗೋಡೆಯಲ್ಲಿರುವ ಕಿಂಡಿಗಳಿಂದಲೇ. ಇಂಥ ಕೊಳವೆಗಳ ಸಾಲೊಂದಕ್ಕೆ ಎರಡು ತುದಿಯಲ್ಲೂ ಒಂದೊಂದು ಕ್ರ್ಯಾಂಕ್ ಶಾಫ್ಟ್, ಅಂದರೆ ಪಿಸ್ಟನ್ನುಗಳ ಹಿಂದುಮುಂದಿನ ಓಟವನ್ನು ತಿರುಗಾಟವಾಗಿಸುವ ದಂಡ, ಬೇಕು. ಮೂರು ಸಾಲು ಬೇರೆ ಬೇರೆ ಇಟ್ಟರೆ ಆರು ಶಾಫ್ಟ್. ಅದೇ ಮೂರು ಸಾಲನ್ನು ತ್ರಿಕೋನವಾಗಿ ಜೋಡಿಸಿದರೆ ಪ್ರತಿ ಮೂಲೆಯ ಶಾಫ್ಟನ್ನು ಅಕ್ಕಪಕ್ಕದ ಎರಡು ಸಾಲುಗಳು ಹಂಚಿಕೊಳ್ಳುತ್ತವೆ, ಮೂರೇ ಸಾಕು. ಉಳಿತಾಯದ ಗುಟ್ಟೆಲ್ಲ ಇಷ್ಟರಲ್ಲೇ ಇದೆ. ಸಾಲಿಗೆ ಆರರಂತೆ 18 ಸಿಲಿಂಡರು, 36 ಪಿಸ್ಟನ್.

ಆದರೆ ಒಂದು ತೊಡಕು. ಹೊಗೆಯ ಕಿಂಡಿ ಗಾಳಿಯ ಕಿಂಡಿಗಿಂತ ತುಸು ಮೊದಲೇ ತೆರೆಯಬೇಕು, ಅಂದರೆ ಒಂದು ಪಿಸ್ಟನ್ ಇನ್ನೊಂದಕ್ಕಿಂತ ಸ್ವಲ್ಪ ಮುಂದಿರಬೇಕು. ಮೂರು ಶಾಫ್ಟೂ ಒಂದೇ ದಿಕ್ಕಿಗೆ ತಿರುಗಿದರೆ ತ್ರಿಕೋನ ಸುತ್ತಿ ಬರುವಷ್ಟರಲ್ಲಿ ಈ ಲೆಕ್ಕ ತಪ್ಪುತ್ತದೆ. ಮೂರರಲ್ಲಿ ಒಂದನ್ನು ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಸರಿಹೋಗುತ್ತದೆ ಎಂದು ತೋರಿಸಿದವರು ನೌಕಾಪಡೆಯ ಎಂಜಿನಿಯರಿಂಗ್ ಪ್ರಯೋಗಾಲಯದ ನಕ್ಷೆಗಾರ ಹರ್ಬರ್ಟ್ ಪೆನ್ವಾರ್ಡನ್. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಕಾಗದದ ಮೇಲೆ ಒಂದು ಬಾಣದ ಗುರುತು ತಿರುಗಿಸಿದ್ದಕ್ಕೆ ಇಡೀ ಎಂಜಿನ್ ಸಾಧ್ಯವಾಯಿತು.

1950ರ ದಶಕದಲ್ಲಿ ಬ್ರಿಟನ್ ಕಟ್ಟಿದ ‘ಟನ್’ ಎಂಬ ವರ್ಗದ ಮೈನ್‌ಸ್ವೀಪರ್ (ಕಡಲಿನಲ್ಲಿ ಹುದುಗಿಸಿದ ಸ್ಫೋಟಕ ತೆರವು ಮಾಡುವ) ಹಡಗುಗಳಲ್ಲಿ ಬಹಳಷ್ಟಕ್ಕೆ ಡೆಲ್ಟಿಕ್ ಎಂಜಿನ್ನೇ ಕೂತಿತು. ಆ ವರ್ಗದ ನಾಲ್ಕು ಹಡಗುಗಳನ್ನು ನಮ್ಮ ನೌಕಾಪಡೆಯೂ ಕೊಂಡಿತು. ಅವುಗಳಲ್ಲಿ ಒಂದರ ಹೆಸರು ಐಎನ್‌ಎಸ್ ಕಾರವಾರ.

ಇನ್ನು ಲೋಕೊ. ಇಂಗ್ಲಿಷ್ ಎಲೆಕ್ಟ್ರಿಕ್ 1955ರಲ್ಲಿ ಪ್ರೆಸ್ಟನ್‌ನಲ್ಲಿ ತನ್ನದೇ ಖರ್ಚಿನಲ್ಲಿ ಒಂದು ಮಾದರಿ ಕಟ್ಟಿತು. ತಿಳಿನೀಲಿ ಬಣ್ಣ, ಮೂಗಿನ ಮೇಲೆ ಕೆನೆಬಣ್ಣದ ಮೀಸೆಯಂಥ ಪಟ್ಟೆ, ಪಕ್ಕದಲ್ಲಿ ದೊಡ್ಡಕ್ಷರದಲ್ಲಿ ‘ಡೆಲ್ಟಿಕ್’. ಪದ ಎಂಜಿನ್ನಿನಿಂದ ಗಾಡಿಗೆ ದಾಟಿದ್ದು ಇಲ್ಲಿ. ಒಳಗೆ 1,650 ಅಶ್ವಶಕ್ತಿಯ ಎರಡು ಎಂಜಿನ್, ಒಟ್ಟು 3,300. ಅವು ಜನರೇಟರ್ ತಿರುಗಿಸುತ್ತವೆ, ಆ ವಿದ್ಯುತ್ತಿನಿಂದ ಆರು ಅಚ್ಚುಗಳ ಮೋಟಾರು ಓಡುತ್ತವೆ. ಅದೇ ಕಂಪನಿಯ ಸಮಕಾಲೀನ ಲೋಕೊ, ಮುಂದೆ ಕ್ಲಾಸ್ 40 ಎಂದು ಹೆಸರಾದದ್ದು, 133 ಟನ್ ತೂಗಿ 2,000 ಅಶ್ವಶಕ್ತಿ ಕೊಡುತ್ತಿತ್ತು. ಸೇವೆಗೆ ಬಂದ ಡೆಲ್ಟಿಕ್ ತೂಗಿದ್ದು 99 ಟನ್. ಈ ಎರಡು ಸಾಲು ಲೆಕ್ಕ ನೋಡಿದರೆ ಸಾಕು, ಲಂಡನ್ ಮತ್ತು ಎಡಿನ್‌ಬರೊ ನಡುವಿನ ಪೂರ್ವ ಕರಾವಳಿ ಮಾರ್ಗಕ್ಕೆ ಇದೇ ಬೇಕೆಂದು ರೈಲ್ವೆ ಅಧಿಕಾರಿ ಜೆರಾರ್ಡ್ ಫೈನ್ಸ್ ಯಾಕೆ ಪಟ್ಟು ಹಿಡಿದರು ಎಂಬುದು ಅರ್ಥವಾಗುತ್ತದೆ.

1961 ಮತ್ತು 62ರಲ್ಲಿ ನ್ಯೂಟನ್-ಲೆ-ವಿಲೋಸ್‌ನ ವಲ್ಕನ್ ಫೌಂಡ್ರಿಯಿಂದ 22 ಲೋಕೊ ಹೊರಬಂದವು. ಅವು 55 ಉಗಿಬಂಡಿಗಳ ಕೆಲಸ ವಹಿಸಿಕೊಂಡವು. ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಶೆಡ್ಡಿನವಕ್ಕೆ ಹಳೆಯ ಪದ್ಧತಿಯಂತೆ ರೇಸ್ ಕುದುರೆಗಳ ಹೆಸರಿಟ್ಟರು: ಮೆಲ್ಡ್, ಪಿಂಜಾ, ಟುಲ್ಯಾರ್, ನಿಂಬಸ್. ಗೇಟ್ಸ್‌ಹೆಡ್ ಮತ್ತು ಎಡಿನ್‌ಬರೊದ ಹೇಮಾರ್ಕೆಟ್ ಶೆಡ್ಡಿನವಕ್ಕೆ ಸೇನೆಯ ರೆಜಿಮೆಂಟುಗಳ ಹೆಸರು. 1962ರಲ್ಲಿ ಲಂಡನ್-ಎಡಿನ್‌ಬರೊ ನಡುವಿನ ಫ್ಲೈಯಿಂಗ್ ಸ್ಕಾಟ್ಸ್‌ಮನ್ ರೈಲು 632 ಕಿಲೋಮೀಟರ್ ದಾರಿಯನ್ನು ಆರು ಗಂಟೆಯಲ್ಲಿ ಮುಗಿಸತೊಡಗಿತು. ಹಳಿ ಸುಧಾರಿಸಿದಂತೆ 1970ರ ದಶಕದ ಕೊನೆಗೆ ಅದು ಸುಮಾರು ಐದೂವರೆ ಗಂಟೆಗೆ ಇಳಿಯಿತು. ಗಂಟೆಗೆ 160 ಕಿಲೋಮೀಟರ್ ಎಂಬುದು ಆಗೊಮ್ಮೆ ಈಗೊಮ್ಮೆ ಮುಟ್ಟುವ ದಾಖಲೆಯಾಗಿರದೆ ದಿನದ ದುಡಿಮೆಯಾಯಿತು.

ಹಗುರ ಎಂಜಿನ್ ಬಿಟ್ಟಿ ಸಿಗಲಿಲ್ಲ. ಕ್ಲಾಸ್ 40ರ ಎಂಜಿನ್ ನಿಮಿಷಕ್ಕೆ 850 ಸುತ್ತು ತಿರುಗಿದರೆ ಡೆಲ್ಟಿಕ್ 1,500 ಸುತ್ತು. ಸವೆತವೂ ಅದಕ್ಕೆ ತಕ್ಕಂತೆ. 36 ಪಿಸ್ಟನ್ನುಗಳ ಒತ್ತೊತ್ತಾದ ಆ ಜಟಿಲ ಗಂಟನ್ನು ಶೆಡ್ಡಿನಲ್ಲಿ ಬಿಚ್ಚಿ ಕೂರುವ ಹಾಗಿರಲಿಲ್ಲ. ಕೆಟ್ಟರೆ ಇಡೀ ಎಂಜಿನ್ನನ್ನೇ ಕ್ರೇನಿನಿಂದ ಎತ್ತಿ ತೆಗೆದು, ರಿಪೇರಿಯಾಗಿ ಬಂದಿದ್ದ ಇನ್ನೊಂದನ್ನು ಇಳಿಸುತ್ತಿದ್ದರು. ಲೋಕೊ ಮತ್ತೆ ಓಟಕ್ಕೆ, ಬಿಚ್ಚಿದ ಎಂಜಿನ್ ವರ್ಕ್‌ಶಾಪಿಗೆ. ಹಾಗಾಗಿ ಒಂದು ಡೆಲ್ಟಿಕ್ ಲೋಕೊದ ಬದುಕೂ ಒಂದು ಡೆಲ್ಟಿಕ್ ಎಂಜಿನ್ನಿನ ಬದುಕೂ ಬೇರೆ ಬೇರೆ. ಇವತ್ತು ಟುಲ್ಯಾರ್‌ನೊಳಗೆ ಇದ್ದದ್ದು ಮುಂದೊಮ್ಮೆ ಪಿಂಜಾ ಒಳಗೆ ಗುಡುಗಬಹುದು. ಆರಂಭದ ವರ್ಷಗಳಲ್ಲಿ ನಿರ್ವಹಣೆಯ ಹೊಣೆಯನ್ನೂ ಒಪ್ಪಂದದ ಮೂಲಕ ತಯಾರಕರಿಗೇ ವಹಿಸಲಾಗಿತ್ತು. ದಾರಿಯಲ್ಲಿ ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದರ ಮೇಲೆ ನಿಧಾನವಾಗಿಯಾದರೂ ಊರು ಮುಟ್ಟುವ ಅನುಕೂಲ ಚಾಲಕರಿಗಿತ್ತು.

ಈ ಪದ ಕೇಳಿದೊಡನೆ ಆ ತಲೆಮಾರಿನವರಿಗೆ ಮೊದಲು ನೆನಪಾಗುವುದು ಸದ್ದು ಮತ್ತು ಹೊಗೆ. ಲೋಕೊ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಹೊರಡುವ ಹೊತ್ತಿಗೆ ಕಾಯುತ್ತ ಗುಂಯ್‌ಗುಡುತ್ತ ನಿಂತಿರುತ್ತದೆ. ಕಡಿಮೆ ವೇಗದಲ್ಲಿ ತಿರುಗುವಾಗ ಸಿಲಿಂಡರಿನಿಂದ ಜಿನುಗಿದ ಎಣ್ಣೆ ಹೊಗೆಪೆಟ್ಟಿಗೆಯ ತಳದಲ್ಲಿ ಮಡುಗಟ್ಟುತ್ತದೆ. ಸಿಗ್ನಲ್ ಸಿಕ್ಕಿ ಚಾಲಕ ಶಕ್ತಿ ಏರಿಸಿದೊಡನೆ ಆ ಎಣ್ಣೆ ಸುಟ್ಟು ನೀಲಿಬಿಳಿ ಮೋಡ ಚಾವಣಿಗೆ ಏರಿ ಪ್ಲಾಟ್‌ಫಾರ್ಮ್ ಮುಚ್ಚುತ್ತದೆ. ಹಿಂದೆಯೇ ಗುಂಯ್‌ಕಾರ ಮೇಲೇರುತ್ತದೆ. ಎರಡು ಸ್ಟ್ರೋಕಿನ ಎಂಜಿನ್ ಆದ್ದರಿಂದ ಪ್ರತಿ ಸುತ್ತಿಗೂ 18 ಸಿಲಿಂಡರೂ ಒಮ್ಮೊಮ್ಮೆ ಸಿಡಿಯುತ್ತವೆ, ಪ್ರತಿ 20 ಡಿಗ್ರಿಗೆ ಒಂದು ಸಿಡಿತ. ಹಾಗಾಗಿ ಬಿಡಿ ಬಿಡಿ ಗುಡುಗು ಕೇಳದೆ ಎಲ್ಲ ಸೇರಿ ತಂಬೂರಿಯ ಶ್ರುತಿಯಂತೆ ಒಂದೇ ಎಳೆಯಾಗಿ ಹಿಡಿಯುತ್ತದೆ. ಧ್ವನಿಮುದ್ರಣ ಸಿಕ್ಕರೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಎರಡು ಎಂಜಿನ್ನುಗಳ ವೇಗದಲ್ಲಿನ ಕೂದಲೆಳೆಯ ವ್ಯತ್ಯಾಸವೂ ಅಲೆಯಾಗಿ ಕೇಳಿಸುತ್ತದೆ.

ಬಂಧುಪದಗಳೂ ಇವೆ. ‘ಬೇಬಿ ಡೆಲ್ಟಿಕ್’ ಎಂದರೆ ಒಂಬತ್ತು ಸಿಲಿಂಡರಿನ ಒಂದೇ ಎಂಜಿನ್ ಹೊತ್ತ, 1959ರಲ್ಲಿ ಬಂದ ಹತ್ತು ಸಣ್ಣ ಲೋಕೊಗಳು. ಪದೇ ಪದೇ ಕೆಟ್ಟು, ಹೆಚ್ಚು ಕಾಲ ಬಾಳಲಿಲ್ಲ. ‘ಕ್ಲಾಸ್ 55’ ಎಂಬುದು 1970ರ ದಶಕದ ಕಂಪ್ಯೂಟರ್ ವ್ಯವಸ್ಥೆ ದೊಡ್ಡ ಡೆಲ್ಟಿಕ್‌ಗೆ ಕೊಟ್ಟ ಹೆಸರು. D9001 ಸಂಖ್ಯೆಯ ಲೋಕೊ 55001 ಆಯಿತು. ಸೊನ್ನೆಯಿಂದ ಎಣಿಕೆ ಶುರುವಾಗುವುದನ್ನು ಆ ವ್ಯವಸ್ಥೆ ಒಪ್ಪದ ಕಾರಣ ಮೊದಲನೆಯದಾದ D9000, ‘ರಾಯಲ್ ಸ್ಕಾಟ್ಸ್ ಗ್ರೇ’, ಸಾಲಿನ ಕೊನೆಗೆ ಹೋಗಿ 55022 ಆಯಿತು.

1978ರಲ್ಲಿ ಇದೇ ಮಾರ್ಗಕ್ಕೆ ಗಂಟೆಗೆ 200 ಕಿಲೋಮೀಟರ್ ಓಡುವ ಹೈಸ್ಪೀಡ್ ರೈಲುಗಳು ಬಂದವು. ವಯಸ್ಸಾದ ಎಕ್ಸ್‌ಪ್ರೆಸ್ ಲೋಕೊವನ್ನು ಸರಕು ಸಾಗಣೆಗೆ ಹಾಕುವುದು ರೂಢಿ. ಆದರೆ ವೇಗಕ್ಕೆಂದೇ ಗೇರು ಕೂಡಿಸಿದ, ನಿರ್ವಹಣೆಗೆ ಹಣ ಬೇಡುವ, 22ರಷ್ಟೇ ಇದ್ದ ಈ ತಳಿಗೆ ಆ ಅವಕಾಶ ಸಿಗಲಿಲ್ಲ. 1980ರಿಂದ ಒಂದೊಂದಾಗಿ ಡಾಂಕಾಸ್ಟರ್ ವರ್ಕ್‌ಶಾಪಿಗೆ ಹೋಗಿ ಗುಜರಿಯಾದವು. 1982ರ ಜನವರಿ 2ರಂದು ವಿದಾಯದ ವಿಶೇಷ ರೈಲನ್ನು ಟುಲ್ಯಾರ್ ಲಂಡನ್ನಿನಿಂದ ಎಡಿನ್‌ಬರೊಗೆ ಎಳೆದೊಯ್ದಿತು, ರಾಯಲ್ ಸ್ಕಾಟ್ಸ್ ಗ್ರೇ ವಾಪಸು ತಂದಿತು. 22ರಲ್ಲಿ ಆರು ಉಳಿದಿವೆ, ನೀಲಿ ಮಾದರಿ ಬೇರೆ.

ಆ ಆರರಲ್ಲಿ ರಾಯಲ್ ಸ್ಕಾಟ್ಸ್ ಗ್ರೇಗೆ 2011ರಲ್ಲಿ ಮತ್ತೆ ಕೂಲಿ ಸಿಕ್ಕಿತು. ಇಂಗ್ಲೆಂಡಿನ ಈಶಾನ್ಯ ತೀರದ ನಾರ್ತ್ ಬ್ಲೈತ್ ಬಂದರಿನಿಂದ ಲೈನ್‌ಮೌತ್‌ನ ಅಲ್ಯೂಮಿನಿಯಂ ಕಾರ್ಖಾನೆಗೆ ಅಲ್ಯೂಮಿನಾ ಪುಡಿ ತುಂಬಿದ ವ್ಯಾಗನ್ ಎಳೆಯಲು ಒಂದು ಸರಕು ಕಂಪನಿ ಅದನ್ನು ಬಾಡಿಗೆಗೆ ಪಡೆಯಿತು. ಐವತ್ತು ವರ್ಷ ಹಳೆಯ ಲೋಕೊ ಅಲ್ಲಿ ವಾರಗಟ್ಟಲೆ ಸರಕು ಹೊತ್ತು ಓಡಾಡಿತು.